ಚಪ್ಪಲಿ ಪಟ್ಟಿಯ ಮೂರು ಹೊಲಿಗೆ

ನಮ್ಮ ಆರೋಗ್ಯ ಕೇಂದ್ರದಲ್ಲಿ ಒಂದೇ ತಿಂಗಳಲ್ಲಿ ಹೆರಿಗೆಯಾಗಬೇಕಾದ ಬಸುರಿಯರೆಲ್ಲ ಹದಿನೈದು ದಿನಕ್ಕೊಮ್ಮೆ ದುಂಡಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತೂಕ ತಾವೇ ನೋಡಿಕೊಳ್ಳಬೇಕು, ಪಕ್ಕದವರ ಬಿಪಿ ನೋಡಬೇಕು, ಅವರವರ ಕಾರ್ಡಿಗೆ ಅವರವರೇ ಬರೆಯಬೇಕು. ನರ್ಸ್ ಆದ ನನ್ನದು ಸಹಿ ಮಾತ್ರ. ಇಪ್ಪತ್ತು ವರ್ಷದ ಅನುಭವ, ಮುಖ ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ ಎಂಬ ಜಂಬ ಬೇರೆ.

ಆ ಗುಂಪಿನಲ್ಲಿ ಗುಂಡಿಯಕ್ಕ ಇದ್ದಳು. ಅಂಗಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಗುಂಡಿ ಹೊಲಿಯುವವಳು, ಅದಕ್ಕೇ ಆ ಹೆಸರು. ನಗಿಸುವುದರಲ್ಲಿ ಎತ್ತಿದ ಕೈ. ದಿನಾ ಅರ್ಧ ಗಂಟೆ ನಡೆಯಿರಿ ಎಂದರೆ, “ಬಸ್ಸಿನ ಹಿಂದೆ ಓಡೋದು ಲೆಕ್ಕಕ್ಕೆ ಬರುತ್ತಾ ಸಿಸ್ಟರ್?” ಎನ್ನುವಳು. ಮೊದಲ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಈ ಮಗುವಿನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಳು.

ಏಳನೇ ತಿಂಗಳಲ್ಲಿ ಎರಡು ಸಲವೂ ತಡವಾಗಿ ಬಂದಳು. ಕಾರ್ಡಿನಲ್ಲಿ ಬಿಪಿ ಮೊದಲಿನಷ್ಟೇ ಇತ್ತು. ಮುಖದಲ್ಲಿ ನಗು ಇತ್ತು. ನಾನು ಸಹಿ ಹಾಕಿದೆ.

ಮೂರನೇ ಸಲ, ಅವಳ ಪಕ್ಕದ ಕುರ್ಚಿಯ ಬಸ್ ಕಂಡಕ್ಟರ್ ಬಾಗಿಲ ಬಳಿಯಿಂದ ಒಂದು ಚಪ್ಪಲಿ ಎತ್ತಿಕೊಂಡು ಬಂದಳು.

“ಗುಂಡಿಯಕ್ಕ, ಈ ಪಟ್ಟಿ ಎಷ್ಟು ಸಲ ಬಿಚ್ಚಿ ಹೊಲಿದೆ?”

ಹಳೆಯ ಹೊಲಿಗೆಯ ತೂತುಗಳು ಎರಡು ಸಾಲು, ಅದರಾಚೆ ಹೊಸ ಹೊಲಿಗೆ. ಅಂಗಿ ಬಿಗಿಯಾದರೆ ಬಿಚ್ಚಿ ಸಡಿಲಿಸುವ ಹಾಗೆ, ಬಿಪಿ ಏರಿ ಊದಿದ ಪಾದಕ್ಕೆ ಚಪ್ಪಲಿ ಸಡಿಲಿಸಿಕೊಂಡಿದ್ದಳು ಮಹರಾಯಿತಿ.

“ಎರಡು ಸಲ ನೀನು ನನ್ನ ಬಿಪಿ ನೋಡಿದೆ, ನಿಂದು ನೋಡೋಕೆ ಬಿಡದೆ ಕಾರ್ಡಿಗೆ ಹಳೇ ಅಂಕಿನೇ ಬರ್ಕೊಂಡೆ. ನಾನೂ ಸುಮ್ಮನಿದ್ದೆ. ಇವತ್ತು ಕೈ ಚಾಚು.”

ಮೇಲಿನದು ನೂರಾ ಅರವತ್ತು, ಕೆಳಗಿನದು ನೂರಾ ಹತ್ತು. ನಾನೇ ಇನ್ನೊಮ್ಮೆ ನೋಡಿದೆ, ಅಷ್ಟೇ ಇತ್ತು.

“ಹೇಳಿದ್ರೆ ಆಸ್ಪತ್ರೆಲಿ ಮಲಗಿಸ್ತೀರಿ” ಎಂದಳು ಗುಂಡಿಯಕ್ಕ. “ಹೋದ ಸಲ ಮಲಗಿಸಿದ ಮಾರನೇ ದಿನಾನೇ ಮಗು ಹೋಯ್ತು. ಆ ಮಂಚ ನಂಗೆ ಬೇಡ.”

ಬೈಯಲು ಬಾಯಿ ತೆರೆದೆ. ಕಾರ್ಡಿನಲ್ಲಿ ನಾನು ಹಾಕಿದ ಸಹಿ ಕಣ್ಣೆದುರೇ ಇತ್ತು, ಬಾಯಿ ಮುಚ್ಚಿಕೊಂಡೆ.

“ಹೋದ ಸಲ ಆಸ್ಪತ್ರೆಗೆ ಯಾವಾಗ ಹೋದೆ?” ಎಂದು ಕೇಳಿದೆ.

“ತಲೆ ತಿರುಗಿ ಬಿದ್ದ ಮೇಲೆ.”

“ಮಂಚದ ತಪ್ಪಲ್ಲ ಕಣಮ್ಮ. ತಡವಾಯ್ತು.”

ಅವಳು ಅಲುಗಲಿಲ್ಲ. ಕಂಡಕ್ಟರ್ ಅವಳ ಚೀಲ ತನ್ನ ಹೆಗಲಿಗೇರಿಸಿದಳು. “ಒಬ್ಬಳೇ ಹೋಗು ಅಂದೋರು ಯಾರು? ಮೇಲೇಳು.”

ತುಂಬಿದ ಬಸುರಿಯರು ಏಳು ಮಂದಿ, ಸರದಿಯ ಮೇಲೆ, ಮೂರು ವಾರ ಆ ಮಂಚದ ಪಕ್ಕ ಕೂತರು. ಮಗು ಬೇಗ ಹುಟ್ಟಿತು, ಎರಡು ಕಿಲೋ ಕೂಡ ಇರಲಿಲ್ಲ. ಆದರೆ ವಾರ್ಡಿಗೆಲ್ಲ ಕೇಳುವಂತೆ ಅತ್ತಿತು. ನಾನೂ ಅತ್ತೆ.

ಈಗ ಗುಂಪು ಸೇರುವ ದಿನ ನಾನು ಮೊದಲು ಬಾಗಿಲ ಬಳಿ ಬಗ್ಗಿ ಚಪ್ಪಲಿಗಳನ್ನು ಒಂದೊಂದಾಗಿ ನೋಡುತ್ತೇನೆ. ಮುಖಗಳನ್ನು ಆಮೇಲೆ.