ಕೆನ್ನೆಗೆ ಒತ್ತಿದ ಶೀಸೆ

ಕಳೆದ ಸೋಮವಾರ ಬೆಳಿಗ್ಗೆ ಕೆಂಪಾಪುರದ ತಮ್ಮ ಮನೆಯಲ್ಲಿ ಲ್ಯಾಬ್ ಮೇಡಂ ತೀರಿಕೊಂಡರು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ವೀರ್ಯ ಪರೀಕ್ಷೆ ಮಾಡುತ್ತಿದ್ದವರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೂ ಇಟ್ಟೂ ಕಣ್ಣುಗಳ ಸುತ್ತ ಬಳೆಯಂಥ ಎರಡು ಗುರುತು ಬಿದ್ದಿದ್ದವು. ಶೀಸೆಯನ್ನು ಯಾರೇ ತಂದುಕೊಡಲಿ, ಕವರಿನ ಮೇಲಿಂದಲೇ ಮೊದಲು ಕೆನ್ನೆಗೆ ಒತ್ತಿ ನೋಡುವರು. ಥರ್ಮಾಮೀಟರ್ ಆಮೇಲೆ.

ನಾನು ಮೊದಲು ಅವರ ಬಳಿ ಹೋದಾಗ ನಮಗೆ ಮದುವೆಯಾಗಿ ಎಂಟು ವರ್ಷವಾಗಿತ್ತು. ಬೇರೆ ಕಡೆ ಮಾಡಿಸಿದ ಎರಡು ಪರೀಕ್ಷೆಗಳಲ್ಲಿ ನನ್ನ ವೀರ್ಯಾಣುಗಳು ಅಲುಗಾಡಿರಲಿಲ್ಲ. ಮೂರನೆಯದೂ ಹಾಗೇ ಬಂದರೆ ದಾನಿಯ ವೀರ್ಯ ಪಡೆಯೋಣ ಎಂದಿದ್ದರು ಡಾಕ್ಟರು. ಹೆಂಡತಿ ಒಪ್ಪಿದ್ದಳು. ನಾನು ಒಪ್ಪಿದ್ದೇನೆ ಎಂದು ಹೇಳಿದ್ದೆ.

ಅಲ್ಲಾಳಸಂದ್ರದ ಮನೆಯಿಂದ ಸ್ಕೂಟರಿನಲ್ಲಿ ಶೀಸೆ ತಂದೆ. ಮೇಡಂ ಕೆನ್ನೆಗೆ ಒತ್ತಿದವರು ತಟ್ಟನೆ ತೆಗೆದರು.

“ಹೇಗ್ ತಂದ್ರಿ ಇದನ್ನ?”

“ಟಿಫಿನ್ ಡಬ್ಬೀಲಿ. ಕೆಡಬಾರ್ದು ಅಂತ ಸುತ್ತ ಐಸ್ ಹಾಕಿದ್ದೆ.”

“ಹಿಂದಿನ ಎರಡ್ ಸಲಾನೂ?”

“ಹೂಂ.”

“ಐಸ್ ಹಾಕೋಕೆ ಇದೇನ್ ಮೀನಾ ಸರ್? ಪೇಪರ್‌ನೋರು ನೀವು, ಊರಿಗೆಲ್ಲಾ ಪ್ರಶ್ನೆ ಕೇಳ್ತೀರಾ. ಇದೊಂದ್ ಕೇಳ್ಲಿಲ್ವಾ?”

ಕೇಳಲು ನಾಚಿಕೆಯಾಗಿತ್ತು. ಹಿಂದೆ ಶೀಸೆ ಇಸಿದುಕೊಂಡವರೂ ಹೇಗೆ ತಂದಿರೆಂದು ನನ್ನನ್ನು ಕೇಳಿರಲಿಲ್ಲ.

ಡಾಕ್ಟರು ರಿಪೋರ್ಟಿಗೆ ಕಾಯುತ್ತಿದ್ದಾರೆಂದು ನರ್ಸ್ ಬಂದು ಹೇಳಿದಳು. ಮೇಡಂ ಖಾಲಿ ಫಾರಂ ಅವಳ ಕೈಗೇ ವಾಪಸ್ ಕೊಟ್ಟರು. “ಚಳೀಗ್ ಸತ್ತಿರೋದನ್ನ ಎಣಿಸಿ ನಾನ್ ಸೈನ್ ಹಾಕಲ್ಲ, ಹೇಳಮ್ಮ ಅವರಿಗೆ.” ನನಗೆ, “ನಾಲ್ಕ್ ದಿನ ಬಿಟ್ಟು ಕಂಕುಳಲ್ಲಿ ಇಟ್ಕೊಂಡ್ ಬನ್ನಿ. ಆಟೋದಲ್ಲಿ” ಎಂದರು.

ಹಾಗೇ ಹೋದೆ. ಮೇಡಂ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಮಸೂರದಡಿ ನೂರಾರು ಜೀವಕೋಶಗಳು ನೆಟ್ಟಗೆ ಈಜುತ್ತಿದ್ದವು.

“ಇಷ್ಟಕ್ಕೇ ಖುಷಿ ಪಡ್ಬೇಡಿ. ಇವಕ್ಕಿನ್ನೂ ಅಂಡದೊಳಗೆ ಹೋಗೋಕ್ ಬರಲ್ಲ.”

ಅವನ್ನು ತೊಳೆದು, ಪೋಷಕ ದ್ರವದಲ್ಲಿ ಮೈಶಾಖಕ್ಕಿಟ್ಟು, ಮಧ್ಯಾಹ್ನ ಮತ್ತೆ ಕರೆದರು. ಈಗ ಕೆಲವು ನೆಟ್ಟಗೆ ಹೋಗುತ್ತಿರಲಿಲ್ಲ. ಬಾಲವನ್ನು ಚಾವಟಿಯಂತೆ ಬೀಸಿ ಬೀಸಿ ಅಡ್ಡಾದಿಡ್ಡಿ ಹೊರಳುತ್ತಿದ್ದವು. ಕೆಟ್ಟುಹೋದವೆಂದುಕೊಂಡೆ.

“ಕೆಟ್ಟಿಲ್ಲ ಕಣ್ರೀ, ರೆಡಿ ಆಗ್ತಿವೆ” ಎಂದರು ಮೇಡಂ. ಹೆಣ್ಣಿನ ಮೈಯೊಳಗೂ ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲ್ ಕಳಚಿ ಪೊರೆ ಸಡಿಲವಾಗುತ್ತದೆ. ಕ್ಯಾಲ್ಸಿಯಂ ಒಳನುಗ್ಗಿ ಬಾಲಕ್ಕೆ ಈ ಬೀಸು ಬರುತ್ತದೆ. ಅಂಡದ ಹತ್ತಿರ ಹೋದಾಗ ತಲೆಯ ಮೇಲಿನ ಟೊಪ್ಪಿಗೆಯಂಥ ಚೀಲ ಒಡೆದು, ದಾರಿ ಬಿಡಿಸುವ ಕಿಣ್ವಗಳು ಹೊರಬರುತ್ತವೆ. ಅಷ್ಟನ್ನೂ ಹೇಳಿ ಅವರು, ನಾನು ಬರೆದುಕೊಳ್ಳುತ್ತಿದ್ದ ನೋಟ್‌ಬುಕ್ ಇಸಿದುಕೊಂಡು ಓದಿದರು. ಒಂದು ಪದ ತಿದ್ದಿದರು.

ಆ ರಿಪೋರ್ಟಿಗೆ ಸೈನ್ ಹಾಕಿದರು. ದಾನಿಯ ಮಾತು ಅಲ್ಲಿಗೆ ನಿಂತಿತು. ಮೇಡಂ ತೊಳೆದು ಸಿದ್ಧಮಾಡಿದ ನನ್ನದೇ ವೀರ್ಯವನ್ನು ಡಾಕ್ಟರು ಹೆಂಡತಿಯ ಗರ್ಭಕೋಶಕ್ಕೆ ಸೇರಿಸಿದರು. ಎರಡು ಸಲ ಫಲಿಸಲಿಲ್ಲ. ಮೂರನೇ ಸಲ ಗರ್ಭ ನಿಂತಿತು.

ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಮೇಡಂ ಬರುತ್ತಿದ್ದರು. ಬಂದವರೇ ಅವಳ ಕೆನ್ನೆಗೆ ತಮ್ಮ ಕೆನ್ನೆ ಒತ್ತಿ, “ಬೆಚ್ಚಗಿದಾಳೆ, ಪಾಸ್” ಎನ್ನುತ್ತಿದ್ದರು.

ಸೋಮವಾರ ಮಧ್ಯಾಹ್ನ ಅವಳನ್ನೂ ಕೆಂಪಾಪುರಕ್ಕೆ ಕರೆದುಕೊಂಡು ಹೋದೆವು. ಅವಳು ಬಗ್ಗಿ ಮೇಡಂ ಕೆನ್ನೆಗೆ ಕೆನ್ನೆ ಒತ್ತಿದಳು. ಅವಳಿಗೀಗ ಒಂಬತ್ತು ವರ್ಷ.