ಐಸ್‌ಕ್ಯಾಂಡಿ ಪೆಟ್ಟಿಗೆಯಲ್ಲಿ ಇನ್ಸುಲಿನ್

ಮೊನ್ನೆ ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಐಸ್‌ಕ್ಯಾಂಡಿಯ ಕಿತ್ತಳೆ ವಾಸನೆ ಬಂತು. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಪುಟ್ಟತಾಯಮ್ಮ ದೊಡ್ಡಮ್ಮ ನೆನಪಾದಳು.

ವರ್ಷಗಳ ಹಿಂದೆ ಒಂದು ದಿನ ನಮ್ಮ ಸರ್ಕಾರಿ ಆಸ್ಪತ್ರೆಯ ಜಗಲಿಯಲ್ಲಿ ದೊಡ್ಡಮ್ಮ, ಅವಳ ಚೀಲ ಹಿಡಿದ ನಾನು, ಒಬ್ಬರೇ ಒಬ್ಬರು ನರ್ಸಮ್ಮ, ಮಿಕ್ಕಂತೆ ಅರ್ಧ ಊರು. ಸಕ್ಕರೆ ಕಾಯಿಲೆಯವರಿಗೆ ಸರ್ಕಾರ ಏನು ಕಡಿಮೆ ಮಾಡಿತ್ತು ಹೇಳಿ? ಮಾತ್ರೆ ಬಂದ ವಾರ ರಕ್ತದ ಸಕ್ಕರೆ ನೋಡುವ ಪಟ್ಟಿ ಇರುತ್ತಿರಲಿಲ್ಲ, ಪಟ್ಟಿ ಬಂದ ವಾರ ಮಾತ್ರೆ ಇರುತ್ತಿರಲಿಲ್ಲ. ಎರಡೂ ಒಟ್ಟಿಗೆ ಸಿಕ್ಕರೆ ಜನ ಸೊಕ್ಕಿಬಿಡುತ್ತಾರೆಂಬ ದೂರದೃಷ್ಟಿ ಇರಬೇಕು. ದಿನವಿಡೀ ಹೊಗೆಸೊಪ್ಪಿನ ಹೊಲದಲ್ಲಿ ಓಡಾಡುವ ದೊಡ್ಡಮ್ಮನಿಗೆ 'ವಾಕಿಂಗ್ ಮಾಡಿ' ಎಂಬ ಸಲಹೆ ಮಾತ್ರ ಎಂದೂ ಖಾಲಿಯಾದದ್ದಿಲ್ಲ.

ಆವತ್ತು ಅವಳಿಗೆ ಇನ್ಸುಲಿನ್ ಸಿಕ್ಕಿತು. ನರ್ಸಮ್ಮ ಚುಚ್ಚುವುದನ್ನು ತೋರಿಸಿ, "ತಣ್ಣಗಿಡ್ಬೇಕಮ್ಮ. ಮುಂದಿನೋರು ಬನ್ನಿ," ಎಂದರು. ಅಲ್ಲಿಗೆ ತರಬೇತಿ ಮುಗಿಯಿತು.

ಮನೆಯಲ್ಲಿ ಫ್ರಿಜ್ಜಿಲ್ಲ. ದೊಡ್ಡಮ್ಮ ನೇರ ಅಂಗಡಿಯ ನಂಜಣ್ಣನಲ್ಲಿಗೆ ನಡೆದಳು.

"ನಂಜ, ಸರ್ಕಾರದ ಔಸ್ತಿ ಕಣಪ್ಪ. ನಿನ್ ಕ್ಯಾಂಡಿ ಪೆಟ್ಗೇಲಿ ಒಸಿ ಜಾಗ ಕೊಡು."

"ಮಡುಗು ಬುಡಕ್ಕ. ಐಕ್ಳು ಚೀಪ್ದೇ ಇರಂಗೆ ನೋಡ್ಕತೀನಿ."

"ತಳದಾಗೆ ಮಡುಗಪ್ಪ. ಸಂದಾಕಿ ತಣ್ಣಗಿರ್ಲಿ."

ದಿನವೂ ಕಲ್ಲಾಗಿರುತ್ತಿದ್ದ ಬಾಟಲಿಯನ್ನು ಅಂಗೈಯಲ್ಲಿ ಉಜ್ಜಿ ಕರಗಿಸಿ ಚುಚ್ಚಿಕೊಂಡಳು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಟ್ಟದ್ದೇ ಎಂದು ಹೇಳಲು ಯಾರಿಗೆ ಪುರಸೊತ್ತಿತ್ತು? ಸಕ್ಕರೆ ಏರಿತು, ಕಾಲಿನ ಹೆಬ್ಬೆರಳಲ್ಲಿ ಎದ್ದ ಹುಣ್ಣು ಮಾಯಲಿಲ್ಲ.

"ಕದ್ದು ಸ್ವೀಟ್ ತಿಂತೀರ ಅಲ್ವಾ?" ಎಂದರು ನಮ್ಮ ಆಸ್ಪತ್ರೆಯ ಡಾಕ್ಟರು.

"ಉಗಾದೀಲೂ ಬೆಲ್ಲ ಮುಟ್ನಿಲ್ಲ ಕಣ್ ಸ್ವಾಮಿ. ಬರೀ ಬೇವು ತಿಂದೆ."

ಡಾಕ್ಟರು ನಕ್ಕರು. ಸತ್ಯ ಹೇಳಿದವರಿಗೆ ನಮ್ಮಲ್ಲಿ ಅಷ್ಟು ಮರ್ಯಾದೆಯಾದರೂ ಇದೆ.

ಕೊನೆಗೆ ಮೈಸೂರಿನಲ್ಲಿ ಅವಳ ಹೆಬ್ಬೆರಳು ತೆಗೆದರು. ಬಾಟಲಿ ಎಲ್ಲಿಟ್ಟಿದ್ದಿರಿ ಎಂದು ಮೊದಲ ಸಲ ಯಾರೋ ಕೇಳಿದ್ದೂ, ಐಸ್ ಬೇಡ, ಒದ್ದೆ ಬಟ್ಟೆ ಹೊದಿಸಿದ ಮಡಕೆ ಸಾಕು ಎಂದದ್ದೂ ಅಲ್ಲೇ. ಬಿಪಿಎಲ್ ಕಾರ್ಡು ತೋರಿಸಿದ್ದಕ್ಕೆ ಎಲ್ಲವೂ ಉಚಿತ. ಬೆರಳು ಕತ್ತರಿಸುವುದಕ್ಕೆ ಧಾರಾಳವಾಗಿ ಹಣವಿಟ್ಟ ಸರ್ಕಾರಕ್ಕೆ, ಅದು ಉಳಿಯುವಂತೆ ಎರಡು ಮಾತು ಹೇಳಲು ಇನ್ನೊಬ್ಬ ನರ್ಸಮ್ಮನನ್ನು ಕೊಡುವಷ್ಟು ಅನುಕೂಲವಿರಲಿಲ್ಲ, ಪಾಪ.

ಮೊನ್ನೆ ನಾನು ಬಸ್ಸಿನಲ್ಲಿದ್ದದ್ದು ನನಗೇ ಬರೆದುಕೊಟ್ಟ ಇನ್ಸುಲಿನ್ ತೆಗೆದುಕೊಂಡು ಊರಿಗೆ ಮರಳುತ್ತಾ. ನಮ್ಮ ಮನೆಯ ಫ್ರಿಜ್ಜನ್ನು ನಂಬುವ ಧೈರ್ಯ ಸಾಲದೆ, ಬಸ್ಸಿಳಿದವನು ದೊಡ್ಡಮ್ಮನ ಮನೆಗೆ ಹೋದೆ.

"ನಿಂಗೂ ಅಂಟ್ಕತಾ ಮಗ?" ಎಂದಳು. ಕುಂಟುತ್ತಾ ಮೂಲೆಗೆ ಹೋಗಿ, ನೀರು ಚಿಮುಕಿಸಿದ ಮಡಕೆಯ ಬಟ್ಟೆ ಸರಿಸಿ, ತನ್ನ ಬಾಟಲಿಯ ಪಕ್ಕ ನನ್ನದನ್ನೂ ಇಟ್ಟಳು.