ರಸ್ತೆಯ ಕಡೆಗೆ ತೆರೆಯುತ್ತಿದ್ದ ಪರದೆ

ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಾವು ದುರ್ಗದಬೈಲಿನ ಹತ್ತಿರದ ಓಣಿಯಲ್ಲಿದ್ದೆವು. ಮಗಳಿಗೆ ಎಂಟು ವರ್ಷ. ಹೆಣ್ಣುಮಕ್ಕಳ ಶಾಲೆಯ ಎತ್ತಿನ ಗಾಡಿ ಸಂಜೆ ಐದಕ್ಕೆ ಅವಳನ್ನು ಓಣಿಯ ಬಾಯಿಗೆ ಇಳಿಸಿ ಹೋಗುತ್ತಿತ್ತು. ಗಾಡಿಗೆ ಎರಡೂ ಬದಿಗೆ ಪರದೆ, ಮೆಟ್ಟಿಲು. ಎಡಗಡೆ ಅರಳೆ ಅಂಗಡಿಯ ಕಟ್ಟೆ. ಅಲ್ಲಿ ಗಂಡಸರು ಕೂತಿರುತ್ತಾರೆಂದು ಗಾಡಿ ಹೊಡೆಯುವ ಮುದುಕ ಯಾವಾಗಲೂ ಬಲಗಡೆಯ ಪರದೆಯನ್ನೇ ತೆಗೆಯುತ್ತಿದ್ದ. ಹುಡುಗಿಯರು ನಡುರಸ್ತೆಗೆ ಇಳಿಯುತ್ತಿದ್ದರು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಒಂದು ಸಂಜೆ ಜನರನ್ನು ತುಂಬಿಕೊಂಡ ಧಾರವಾಡದ ಸರ್ವಿಸ್ ಮೋಟಾರು ನಿಂತ ಗಾಡಿಯನ್ನು ದಾಟಿ ನುಗ್ಗಿತು. ಮಗಳ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಮಡಗಾರ್ಡು ಪರದೆಯನ್ನು ಹರಿದುಕೊಂಡು ಹೋಯಿತು. ಹುಡುಗಿ ಗಾಡಿಯೊಳಕ್ಕೆ ಬಿದ್ದಳು. ಒಡೆದದ್ದು ಬರೆಯುವ ಪಾಟಿ ಮಾತ್ರ. ಓಣಿಯ ಬಾಯಲ್ಲಿ ನಿಂತಿದ್ದ ನಾನು ಓಡಿಹೋಗಿ ಅವಳನ್ನು ಇಳಿಸಿಕೊಂಡೆ.

ಮನೆಯಲ್ಲಿ ಹೇಳುವಂತಿರಲಿಲ್ಲ. ಹುಡುಗಿಗೆ ಓದಲು ಬರೆಯಲು ಬಂತಲ್ಲ, ಇನ್ನು ಸಾಕು ಎಂದು ಮಾವನವರು ಮೊದಲೇ ಅನ್ನುತ್ತಿದ್ದರು. ಈ ಸುದ್ದಿ ಕಿವಿಗೆ ಬಿದ್ದರೆ ಮರುದಿನವೇ ಶಾಲೆ ಬಿಡಿಸುತ್ತಾರೆ. ಪಾಟಿ ಕೈಜಾರಿತೆಂದು ಹೇಳಲು ಮಗಳಿಗೆ ಕಲಿಸಿದೆ.

ಮುದುಕನನ್ನು ಕೇಳಿಕೊಂಡೆ. “ಕಾಕಾ, ಕಟ್ಟಿ ಕಡೆ ಇಳಸ್ರಿ.”

“ಗಂಡಸರು ನೋಡತಾರವಾ. ಹಂಗ ಇಳಸಿದರ ಅರ್ಧಾ ಹುಡುಗ್ಯಾರನ್ನ ಮನ್ಯಾಗ ಇಟಗೋತಾರ.”

“ಮೋಟಾರಿನಾಂವ ನೋಡೂದಿಲ್ಲೇನು?”

“ಅಂವ ನೋಡೂದ ಇಲ್ಲಲ್ಲ, ಅದ ನೋಡವಾ ತ್ರಾಸು.”

ಶಾಲೆಯ ಗಾಡಿ ನಿಂತರೆ ಮೋಟಾರು ಹಿಂದೆಯೇ ನಿಲ್ಲಬೇಕೆಂದು ಪೊಲೀಸರ ಹುಕುಂ ಇತ್ತು. ಪಾಲಿಸುವವರು ಇರಲಿಲ್ಲ. ಮರುದಿನ ನಾನು ಸೆರಗು ಹೊದ್ದು ಗಾಡಿಯ ಹಿಂದೆ ನಡುರಸ್ತೆಯಲ್ಲಿ ಹೋಗಿ ನಿಂತೆ. ಮೋಟಾರು ಹತ್ತು ಮಾರು ದೂರದಲ್ಲಿ ನಿಂತಿತು, ನಿಂತದ್ದೇ ಎಂಜಿನ್ ಆರಿಹೋಯಿತು.

ಡ್ರೈವರ್ ಕೆಳಗಿಳಿದ. “ಬಾಯಾರ, ನಿಂದರಸಿದರ ಇದು ಮತ್ತ ಲಗೂ ಏಳಂಗಿಲ್ರಿ. ಒಲಿ ನೀವು ಊದತೀರೇನು?”

“ಊದತೇನಿ. ಹುಡುಗಿ ಮನಿ ಮುಟ್ಟಲಿ, ಆಮ್ಯಾಲ.”

ಒಳಗೆ ಕೂತ ಪ್ರಯಾಣಿಕರು ನಕ್ಕರು. ಡ್ರೈವರ್ ನಗಲಿಲ್ಲ. ಹೀಗೆ ಒಂಬತ್ತು ದಿನ ನಿಂತೆ. ದಿನದಿನಕ್ಕೆ ಮೋಟಾರು ಇನ್ನಷ್ಟು ಹತ್ತಿರ ಬಂದು ನಿಲ್ಲುತ್ತಿತ್ತು. ನಾಲ್ಕು ಗಂಟೆಯಾದರೆ ನನ್ನ ಕೈಯಲ್ಲಿ ರೊಟ್ಟಿ ಸರಿಯಾಗಿ ಬಡಿಯಲು ಬರುತ್ತಿರಲಿಲ್ಲ.

ಒಂಬತ್ತನೆಯ ದಿನ ಆ ಮೋಟಾರಿನಲ್ಲಿ ಮಾವನವರ ಸ್ನೇಹಿತರೊಬ್ಬರಿದ್ದರು. ಅಂದೇ ಸುದ್ದಿ ಮನೆಗೆ ಬಂತು.

“ರಸ್ತಾದಾಗ ನಿಂದರತೀಯಂತ?” ಮಾವನವರು ಪಡಸಾಲೆಯಿಂದಲೇ ಕೇಳಿದರು.

“ಹೌದ್ರಿ.” ಹರಿದ ಪರದೆಯ ಸುದ್ದಿಯನ್ನೂ ಹೇಳಿಬಿಟ್ಟೆ. ಅವರು ತಂಬಾಕಿನ ಚೀಲ ಮಡಚಿ ಎದ್ದು ಹೊರಟರು. ಮಗಳ ಹೆಸರು ತೆಗೆಸಲು ಶಾಲೆಯ ಮುಖ್ಯಸ್ಥರ ಮನೆಗೇ ಹೋದರೆಂದು ತಿಳಿದೆ.

ಹೋದದ್ದು ಅರಳೆ ಅಂಗಡಿಗೆ. ಮರುದಿನ ಐದರ ಹೊತ್ತಿಗೆ ಕಟ್ಟೆಯ ಮೇಲಿನ ಗಂಡಸರನ್ನೆಲ್ಲ ಒಳಗೆ ಕಳಿಸಿ ತಾವು ಅಂಗಡಿಯ ಕಂಬದ ಹತ್ತಿರ ನಿಂತರು. ನಾನು ಅಂದು ರಸ್ತೆಗಿಳಿಯದೆ ಓಣಿಯ ಬಾಯಲ್ಲೇ ನಿಂತೆ.

“ನಮ್ಮ ಅಂಗಡ್ಯಾಗ ನಾವ ಕಳ್ಳರಂಗ ಅಡಗಬೇಕಾತಲ್ಲರೀ,” ಎಂದು ಒಳಗಿನಿಂದ ಒಬ್ಬರು ಅಂದರು.

“ಒಂದ್ ಗಳಿಗಿ ಸುಮ್ಮ ಕೂಡೋ,” ಎಂದರು ಮಾವನವರು.

ಮುದುಕ ಎಡಗಡೆಯ ಪರದೆ ತೆಗೆದ. ಮಗಳ ಎರಡೂ ಕಾಲು ಕಟ್ಟೆಯ ಕಲ್ಲಿಗೆ ತಾಗಿದವು. ಅದೇ ಗಳಿಗೆಗೆ ಮೋಟಾರು ಬಲಗಡೆಯಿಂದ ನುಗ್ಗಿ ಹೋಯಿತು. ಗಾಡಿ ಅಲುಗಿತು, ಎತ್ತುಗಳು ಬೆದರಿದವು.

ಮಾವನವರು ಕಂಬ ಹಿಡಿದುಕೊಂಡರು. “ಇಷ್ಟ ಹತ್ತರ ಬರತೈತೇನು?”

ಈವರೆಗೆ ಅವರು ಕೇಳಿದ್ದರು, ಈಗ ಕಣ್ಣಾರೆ ಕಂಡರು. ಮರುದಿನ ಬೆಳಿಗ್ಗೆ ಮಗಳ ಜಡೆ ಹಾಕುತ್ತಾ, ಅವರು ಇನ್ನು ಶಾಲೆ ಬೇಡವೆನ್ನುವುದನ್ನೇ ಕಾಯುತ್ತಿದ್ದೆ. ಗಾಡಿಯ ಗಂಟೆ ಕೇಳಿತು.

ಮಾವನವರು ಚಪ್ಪಲಿ ಮೆಟ್ಟಿಕೊಂಡು ಅವಳ ಕೈ ಹಿಡಿದರು.

“ನಡಿ. ಕಟ್ಟಿ ಕಡೆಯಿಂದ ಹತ್ತಬೇಕು, ತಿಳೀತೇನು?”